ಪೌ-ರೋಜಾ: ಅಮೆಜಾನ್ ಅರಣ್ಯದ ಸುಗಂಧವೃಕ್ಷ

ಪೌ-ರೋಜಾ ಎಂಬುದು ದಕ್ಷಿಣ ಅಮೆರಿಕದ ಅಮೆಜಾನ್ ನದೀಪ್ರಾಂತದಲ್ಲಿಯೂ ಅದರ ಈಶಾನ್ಯಕ್ಕಿರುವ ಗಯಾನಾ ಪ್ರದೇಶಗಳಲ್ಲಿಯೂ, ನೆರೆನೀರು ಮುಟ್ಟದ ಎತ್ತರದ ನೆಲದ ನಿತ್ಯಹಸುರಿನ ಕಾಡುಗಳಲ್ಲಿ ವಿರಳವಾಗಿ ಬೆಳೆಯುವ, ಲಾರೇಸೀ ಕುಟುಂಬಕ್ಕೆ ಸೇರಿದ ಒಂದು ಮಹಾವೃಕ್ಷ. ಸಸ್ಯಶಾಸ್ತ್ರಜ್ಞರು ಇದನ್ನು ಅನಿಬಾ ರೋಸಿಯೊಡೊರಾ ಎಂದು ಕರೆಯುತ್ತಾರೆ. ಪೌ-ರೋಜಾ ಎಂಬುದು ಬ್ರೆಜಿಲಿನವರ ಮಾತು. ಫ್ರೆಂಚ್ ಗಯಾನಾದಲ್ಲಿ ಇದು ಬ್ವಾ ದ ರೋಜ್, ಪೆರು ದೇಶದಲ್ಲಿ ಪಾಲೊ ದೆ ರೋಸಾ, ಸುಗಂಧದ್ರವ್ಯದ ಮಾರುಕಟ್ಟೆಯಲ್ಲಿ ರೋಸ್‌ವುಡ್. ಈ ಕಡೆಯ ಹೆಸರಿನಿಂದ ಕನ್ನಡ ವಾಚಕರಿಗೆ ಪಶ್ಚಿಮಘಟ್ಟದ ಬೀಟೆಮರ ನೆನಪಾಗುವುದು ಸಹಜವಾದರೂ, ಬೀಟೆ ಅವರೆ-ತೊಗರಿಗಳ ಕುಟುಂಬದ್ದು, ಪೀಠೋಪಕರಣಗಳಿಗೆ ಹೆಸರಾದದ್ದು. ಪೌ-ರೋಜಾ ಆದರೋ ದಾಲ್ಚಿನ್ನಿ, ಕರ್ಪೂರ, ಬೆಣ್ಣೆಹಣ್ಣುಗಳ ಬಂಧು, ಮತ್ತು ಅದನ್ನು ಲೋಕವು ಬಯಸಿದ್ದು ಅದರ ಮರಮುಟ್ಟಿಗಾಗಿಯಲ್ಲದೆ ಆ ಮರದೊಳಗೆ ಅಡಗಿರುವ ತೈಲಕ್ಕಾಗಿ.

ಲಾರೇಸೀ ಕುಟುಂಬವು ಸುಮಾರು 50 ಜಾತಿಗಳನ್ನೂ 2,500ಕ್ಕೂ ಮೇಲ್ಪಟ್ಟು ಪ್ರಭೇದಗಳನ್ನೂ ಒಳಗೊಂಡಿರುವ ವಿಸ್ತಾರವಾದ ಕುಟುಂಬ. ಉಷ್ಣವಲಯದ ಮಳೆಕಾಡುಗಳೇ ಇದರ ಮುಖ್ಯ ನೆಲೆ. ನಮ್ಮ ಮಲೆನಾಡಿನ ಗುಳಮಾವು, ಕಾಡುದಾಲ್ಚಿನ್ನಿ ಮೊದಲಾದ ಮರಗಳೂ ಇದಕ್ಕೇ ಸೇರಿದವು. ಎಲೆ, ತೊಗಟೆ, ಮರ ಇವುಗಳಲ್ಲಿ ಸೂಕ್ಷ್ಮವಾದ ತೈಲಕೋಶಗಳಿರುವುದು, ಪರಾಗಕೋಶಗಳು ಸೀಳಿಕೊಳ್ಳದೆ ಸಣ್ಣ ಮುಚ್ಚಳಗಳಂತೆ ಮೇಲಕ್ಕೆದ್ದು ತೆರೆದುಕೊಳ್ಳುವುದು, ಹಣ್ಣು ಒಂದೇ ಬೀಜವುಳ್ಳದ್ದಾಗಿರುವುದು ಈ ಕುಟುಂಬದ ಪ್ರಧಾನ ಲಕ್ಷಣಗಳು. ಅನಿಬಾ ಎಂಬ ಜಾತಿಯನ್ನು ಫ್ರೆಂಚ್ ಸಸ್ಯಶಾಸ್ತ್ರಜ್ಞ ಓಬ್ಲೆ 1775ರಲ್ಲಿ, ಗಯಾನಾದ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಸ್ಥಾಪಿಸಿದ. ಇದರ ನಲವತ್ತಕ್ಕೂ ಹೆಚ್ಚು ಪ್ರಭೇದಗಳೆಲ್ಲವೂ ಅಮೆರಿಕದ ಉಷ್ಣವಲಯದವು. ಅವುಗಳಲ್ಲಿ ವಾಣಿಜ್ಯದ ಕಣ್ಣಿಗೆ ಬಿದ್ದು ಅದರಿಂದಲೇ ಕ್ಷಯಿಸಿದ ಪ್ರಭೇದವೆಂದರೆ ಮುಖ್ಯವಾಗಿ ಪೌ-ರೋಜಾ.

ಬಲಿತ ಮರವು 30 ಮೀಟರುಗಳವರೆಗೆ ಬೆಳೆಯುತ್ತದೆ. ಕಾಂಡ ನೆಟ್ಟಗೆ, ಸ್ತಂಭದಂತೆ ದುಂಡಾಗಿದ್ದು, ಹಳೆಯ ಮರಗಳಲ್ಲಿ ಅದರ ವ್ಯಾಸ 2 ಮೀಟರುಗಳನ್ನು ಮುಟ್ಟುವುದೂ ಉಂಟು. ಹಳದಿಮಿಶ್ರಿತ ಕಂದುಬಣ್ಣದ ತೊಗಟೆ ದೊಡ್ಡ ಹಲ್ಲೆಗಳಾಗಿ ಕಳಚಿಕೊಳ್ಳುತ್ತದೆ. ಎಲೆಗಳು ಸರಳ, ಪರ್ಯಾಯವಾಗಿ ಜೋಡಣೆಗೊಂಡವು, ಮುಟ್ಟಿದರೆ ತೊಗಲಿನಂತೆ ದಪ್ಪ. ಹೂಗಳು ಬಹು ಸಣ್ಣವು, ತುಕ್ಕುಬಣ್ಣದ ನವುರಾದ ರೋಮಗಳಿಂದ ಆವೃತವಾಗಿ ಗೊಂಚಲುಗೊಂಚಲಾಗಿ ಬಿಡುತ್ತವೆ. ಅಂಡಾಕಾರದ ಸಣ್ಣ ಹಣ್ಣು ಒಂದು ಗಟ್ಟಿಯಾದ ಬಟ್ಟಲಿನಲ್ಲಿ ಕುಳಿತು, ಹಸುರಿನಿಂದ ಕ್ರಮೇಣ ಕಪ್ಪು ಬೆರೆತ ನೇರಳೆಗೆ ತಿರುಗುತ್ತದೆ. ಟೂಕನ್ ಮುಂತಾದ ದೊಡ್ಡ ಕೊಕ್ಕಿನ ಹಕ್ಕಿಗಳು ಇದನ್ನು ನುಂಗಿ ಬೀಜವನ್ನು ದೂರಕ್ಕೆ ಸಾಗಿಸುತ್ತವೆ. ಗಿಳಿಗಳೂ ಕೀಟಗಳೂ ಬೀಜವನ್ನೇ ತಿಂದು ಹಾಕುವುದರಿಂದ ಮರದಡಿ ಬಿದ್ದುದರಲ್ಲಿ ಮೊಳಕೆಗೆ ಉಳಿಯುವುದು ಸ್ವಲ್ಪ ಭಾಗ ಮಾತ್ರ.

ಈ ಮರದ ವಿರಳತೆ ಮನುಷ್ಯನ ಕೊಡಲಿಯಿಂದ ಮಾತ್ರ ಬಂದುದಲ್ಲ, ಅದರ ಪ್ರಕೃತಿಯಲ್ಲಿಯೇ ಅದಕ್ಕೆ ಮೂಲವುಂಟು. ಇದನ್ನು ಅರಿಯದೆ ಮುಂದಿನ ಚರಿತ್ರೆಯ ಕ್ರೌರ್ಯ ಪೂರ್ಣವಾಗಿ ಮನಸ್ಸಿಗೆ ಬಾರದು. ಉಷ್ಣವಲಯದ ಮಳೆಕಾಡಿನಲ್ಲಿ ನಮ್ಮ ತೇಗದ ನೆಡುತೋಪುಗಳಂತೆ ಒಂದೇ ಬಗೆಯ ಮರಗಳು ಒತ್ತಾಗಿ ನಿಲ್ಲುವುದಿಲ್ಲ. ಹಲವು ಹೆಕ್ಟೇರುಗಳಷ್ಟು ಕಾಡನ್ನು ಸುತ್ತಿದರೆ ದೊಡ್ಡದೊಂದು ಪೌ-ರೋಜಾ ಕಣ್ಣಿಗೆ ಬಿದ್ದೀತು. ಮರ ಪ್ರತಿವರ್ಷವೂ ತಪ್ಪದೆ ಹೂ ಬಿಡುವುದಿಲ್ಲ. ಬಿಟ್ಟ ವರ್ಷವೂ ಹಣ್ಣು ಹೇರಳವಾಗಿ ಕಟ್ಟುವುದೆಂಬ ಭರವಸೆಯಿಲ್ಲ. ಬೀಜವು ಒಣಗಿದರೆ ಜೀವಶಕ್ತಿಯನ್ನು ಕಳೆದುಕೊಳ್ಳುವುದರಿಂದ ರಾಗಿ-ಜೋಳಗಳಂತೆ ಕಣಜದಲ್ಲಿ ಕಾದಿಡುವಂತೆಯೂ ಇಲ್ಲ. ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ಬೆಣ್ಣೆಹಣ್ಣಿನ ಹೂವು ಮೊದಲು ಹೆಣ್ಣಾಗಿ ಅರಳಿ, ಮುಚ್ಚಿಕೊಂಡು, ಮತ್ತೆ ಗಂಡಾಗಿ ಅರಳುವುದೆಂಬುದು ತೋಟಗಾರರಿಗೆ ತಿಳಿದ ಸಂಗತಿ. ಒಂದು ಗುಂಪಿನ ಮರಗಳಲ್ಲಿ ಹೂ ಹೆಣ್ಣಾಗಿರುವ ಹೊತ್ತಿನಲ್ಲಿ ಇನ್ನೊಂದು ಗುಂಪಿನವು ಗಂಡಾಗಿರುತ್ತವೆಯಾದ್ದರಿಂದ ಪರಕೀಯ ಪರಾಗಸ್ಪರ್ಶಕ್ಕೆ ಅನುಕೂಲವಾಗುತ್ತದೆ. ಅನಿಬಾ ಜಾತಿಯಲ್ಲಿಯೂ ಇಂಥ ವ್ಯವಸ್ಥೆಯನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹೀಗಿರುವಾಗ ಒಂದು ಕಾಡಿನಲ್ಲಿ ದೂರದೂರಕ್ಕೆ ನಿಂತ ಕೆಲವೇ ಮರಗಳಲ್ಲಿ ಅರ್ಧದಷ್ಟನ್ನು ಕಡಿದರೆ ನಷ್ಟವಾಗುವುದು ಆ ಅರ್ಧ ಮಾತ್ರವಲ್ಲ. ಉಳಿದ ಮರಗಳಿಗೆ ಹೊಂದುವ ಜೊತೆ ತಪ್ಪಿಹೋಗಿ, ಅವು ನಿಂತಿದ್ದೂ ಸಂತಾನಹೀನವಾಗುವ ಸಂಭವವುಂಟು.

ಪೌ-ರೋಜಾದ ಪರಿಮಳಕ್ಕೆ ಕಾರಣವಾದ ವಸ್ತು ಲಿನಲೂಲ್ ಎಂಬ ಮದ್ಯಸಾರವರ್ಗದ ಸಂಯುಕ್ತ. ಹತ್ತು ಇಂಗಾಲದ ಪರಮಾಣುಗಳುಳ್ಳ ಇದು ಗುಲಾಬಿಯ ಮೃದುತ್ವವನ್ನೂ ಮರದ ಒಣಗಂಪನ್ನೂ ಕೂಡಿಸಿಕೊಂಡಂಥ ವಾಸನೆಯದು. ಮರದಿಂದ ಇಳಿಸಿದ ತೈಲದಲ್ಲಿ ಶೇಕಡ 80ರಿಂದ 90ರಷ್ಟು ಭಾಗ ಇದೊಂದೇ ವಸ್ತು. ಲಿನಲೂಲ್ ಪ್ರಕೃತಿಯಲ್ಲಿ ಅಪರೂಪದ್ದೇನೂ ಅಲ್ಲ. ನಮ್ಮ ಅಡಿಗೆಮನೆಯ ಕೊತ್ತಂಬರಿಬೀಜದ ತೈಲದ ಬಹುಭಾಗವೂ ಇದೇ. ಮಲ್ಲಿಗೆ, ಲ್ಯಾವೆಂಡರ್ ಮೊದಲಾದವುಗಳಲ್ಲಿಯೂ ಇದುಂಟು. ಆದರೆ ಇದರ ಅಣುವಿಗೆ, ಎಡಗೈ ಬಲಗೈಗಳಂತೆ, ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳಿದ್ದು ಅವೆರಡರ ವಾಸನೆಯಲ್ಲಿ ಸೂಕ್ಷ್ಮವಾದ ಭೇದವುಂಟು: ಕೊತ್ತಂಬರಿಯಲ್ಲಿರುವುದು ಹೆಚ್ಚಾಗಿ ದಕ್ಷಿಣಾವರ್ತಿ ರೂಪ, ಫ್ರೆಂಚ್ ಗಯಾನಾದ ಮರದ ತೈಲದಲ್ಲಿ ವಾಮಾವರ್ತಿಯೇ ಪ್ರಧಾನ, ಬ್ರೆಜಿಲಿನ ತೈಲದಲ್ಲಿ ಎರಡೂ ಬೆರೆತಿರುತ್ತವೆ. ಸುಗಂಧಕಾರರು ಮರದ ತೈಲವನ್ನು ಬಹುಕಾಲ ಬಿಡದಿದ್ದುದಕ್ಕೆ ಈ ಭೇದಗಳೂ, ಲಿನಲೂಲಿನೊಡನೆ ಅಲ್ಪಪ್ರಮಾಣದಲ್ಲಿ ಸೇರಿಕೊಂಡಿರುವ ಇತರ ದ್ರವ್ಯಗಳೂ ಕಾರಣವಾದವು.

ಈ ತೈಲದ ವ್ಯಾಪಾರ ಪ್ರಾರಂಭವಾದದ್ದು ಫ್ರೆಂಚ್ ಗಯಾನಾದಲ್ಲಿ. ಅಲ್ಲಿನ ಕಾಯೆನ್ ಬಂದರಿನಿಂದ ಸಾಗಿಸಿದ ಮರವನ್ನು 1870ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬಟ್ಟಿಯಿಳಿಸಿದರು. ಕೆಲವೇ ವರ್ಷಗಳಲ್ಲಿ ರಸಾಯನಶಾಸ್ತ್ರಜ್ಞರು ಅದರ ಮುಖ್ಯ ಘಟಕವನ್ನು ಪ್ರತ್ಯೇಕಿಸಿದರು. ಮುಂದೆ ಬಟ್ಟಿಗಳು ಕಾಡಿನ ಸಮೀಪಕ್ಕೇ ಬಂದುವು. ಸೋಜಿಗವೆಂದರೆ ಇಷ್ಟು ಹೊತ್ತಿಗೂ ಮರಕ್ಕೆ ಸರಿಯಾದ ಶಾಸ್ತ್ರೀಯ ನಾಮವಿರಲಿಲ್ಲ; ಅದು ಇಂಥ ಪ್ರಭೇದ, ಅಂಥ ಪ್ರಭೇದ ಎಂದು ವಿದ್ವಾಂಸರು ಊಹಿಸುತ್ತಿದ್ದರು. ಕೊನೆಗೆ ಇದನ್ನು ಸ್ವತಂತ್ರ ಪ್ರಭೇದವೆಂದು ವಿವರಿಸಿ, 1930ರಲ್ಲಿ ಈಗಿನ ಹೆಸರನ್ನಿತ್ತವನು ಅಡಾಲ್ಫೊ ಡುಕೆ. ಆಗ ಆಸ್ಟ್ರಿಯ-ಹಂಗೆರಿಗೆ ಸೇರಿದ್ದ ಟ್ರಿಯೆಸ್ಟಿನಲ್ಲಿ 1876ರಲ್ಲಿ ಹುಟ್ಟಿದ ಈತ, ತರುಣನಾಗಿ ಬ್ರೆಜಿಲಿನ ಬೆಲೆಮ್ ನಗರದ ವಸ್ತುಸಂಗ್ರಹಾಲಯಕ್ಕೆ ಬಂದದ್ದು ಕೀಟಶಾಸ್ತ್ರಜ್ಞನಾಗಿ. ಜೇನುಹುಳು ಕಣಜಗಳನ್ನು ಅರಸಿ ಕಾಡು ಸುತ್ತುತ್ತ ಮರಗಳ ಮೋಹಕ್ಕೆ ಒಳಗಾಗಿ, ಅಮೆಜಾನಿನ ವೃಕ್ಷಗಳನ್ನು ಆ ಕಾಲದಲ್ಲಿ ಅವನಷ್ಟು ಬಲ್ಲವರು ಮತ್ತೊಬ್ಬರಿಲ್ಲ ಎನ್ನಿಸಿಕೊಂಡು, 1959ರಲ್ಲಿ ತೀರಿಕೊಂಡ. ಮನೌಸ್ ನಗರದ ಬಳಿ 100 ಚದರ ಕಿಲೊಮೀಟರುಗಳಷ್ಟು ವಿಸ್ತಾರವಾಗಿರುವ ಸಂರಕ್ಷಿತಾರಣ್ಯಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಬ್ರೆಜಿಲಿನ ಮರವನ್ನು ಕೆಲವು ಕಾಲ ಅನಿಬಾ ಡುಕೆಯಿ ಎಂಬ ಬೇರೆ ಪ್ರಭೇದವಾಗಿ ಎಣಿಸಿದ್ದುಂಟು. 1982ರಲ್ಲಿ ಕುಬಿಟ್ಸ್ಕಿ ಮತ್ತು ರೆನ್ನರ್ ಎಂಬ ವಿದ್ವಾಂಸರು ಈ ಜಾತಿಯನ್ನು ಸಮಗ್ರವಾಗಿ ಪರಿಶೋಧಿಸಿ ಎರಡನ್ನೂ ಒಂದೇ ಎಂದು ನಿರ್ಣಯಿಸಿದರು. ಹೀಗೆ ವ್ಯಾಪಾರವು ಸುಮಾರು ಅರ್ಧಶತಮಾನ ಕಾಲ ಕಡಿದು ಮಾರಿದ ಮೇಲೆ ವಿಜ್ಞಾನವು ಆ ಮರವನ್ನು ಹೆಸರಿಟ್ಟು ಗುರುತಿಸಿತು.

ಫ್ರೆಂಚ್ ಗಯಾನಾದಲ್ಲಿ ನದಿಗಳಿಗೆ ಹತ್ತಿರವಾಗಿದ್ದ ಮರಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಬಹುಮಟ್ಟಿಗೆ ಮುಗಿದುಹೋದುವು. ಉದ್ಯಮವು 1920ರ ದಶಕದ ನಡುವೆ ಬ್ರೆಜಿಲಿನ ಪಾರಾ ಪ್ರಾಂತಕ್ಕೂ, ಅಲ್ಲಿಂದ ಮೇಲೆ ಅಮೆಜೋನಾಸ್ ಪ್ರಾಂತಕ್ಕೂ ಹಬ್ಬಿತು. ಆ ಕಾಲವೂ ಅದಕ್ಕೆ ಅನುಕೂಲವಾಗಿತ್ತು. ಏಷ್ಯದ ರಬ್ಬರ್ ತೋಟಗಳು ಫಲಕೊಡಲಾರಂಭಿಸಿದ ಮೇಲೆ ಅಮೆಜಾನಿನ ಕಾಡುರಬ್ಬರಿನ ಬೆಲೆ ಕುಸಿದು, ಅದನ್ನೇ ನೆಚ್ಚಿದ್ದ ಜನ ಬೇರೆ ಕಾಡುತ್ಪನ್ನಗಳನ್ನು ಅರಸಬೇಕಾಗಿತ್ತು. ರಬ್ಬರಿನ ಕಾಲದ ಸಾಲದ ಪದ್ಧತಿ ಪೌ-ರೋಜಾದ ಕಾಲಕ್ಕೂ ಮುಂದುವರಿಯಿತು: ವರ್ತಕನು ದಿನಸಿ, ಉಪಕರಣಗಳನ್ನು ಮುಂಗಡವಾಗಿ ಕೊಟ್ಟು ಕೂಲಿಗಳನ್ನು ಕಾಡಿಗೆ ಕಳುಹಿಸುವನು, ತಿಂಗಳುಗಟ್ಟಲೆ ದುಡಿದು ಬಂದವನ ಲೆಕ್ಕದಲ್ಲಿ ಕೂಲಿಗಿಂತ ಸಾಲವೇ ಮಿಗುವುದು. ಮರದ ಅಳಿವನ್ನು ಕುರಿತು ಬರೆಯುವವರು ಈ ಮನುಷ್ಯರನ್ನು ಮರೆಯುವುದು ನ್ಯಾಯವಲ್ಲ. ಕೊಡಲಿ ಅವರ ಕೈಯಲ್ಲಿದ್ದರೂ ಲಾಭ ಅವರ ಕೈ ಸೇರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಕಾಡಿನ ಹಾದಿಯನ್ನು ಬಲ್ಲ, ಮರದ ಗುರುತು ಹಿಡಿಯಬಲ್ಲ ಅನುಭವಿಯೊಬ್ಬ ಮುಂದೆ ಹೋಗಿ, ತೊಗಟೆಯನ್ನು ಕೆತ್ತಿ ಮೂಸಿ ನೋಡಿ, ಕಡಿಯತಕ್ಕ ಮರಗಳನ್ನು ಗೊತ್ತುಮಾಡುವನು. ಹಿಂದಿನಿಂದ ಬಂದವರು ಮರವನ್ನು ಉರುಳಿಸಿ, ಹೊರಬಹುದಾದ ತುಂಡುಗಳಾಗಿ ಕೊಯ್ದು, ಬೆನ್ನಮೇಲೆ ಹೊತ್ತು ಹತ್ತಿರದ ತೊರೆಗೆ ತಲುಪಿಸುವರು. ಅಲ್ಲಿಂದ ದೋಣಿಯಲ್ಲಿ ಬಟ್ಟಿಗೆ. ಬಟ್ಟಿಯಲ್ಲಿ ಮರವನ್ನು ಯಂತ್ರದಿಂದ ಚಕ್ಕೆಚಕ್ಕೆಯಾಗಿ ಸೀಳಿ, ದೊಡ್ಡ ಪಾತ್ರೆಗಳಲ್ಲಿ ತುಂಬಿ, ಕೆಳಗಿನಿಂದ ಹಬೆಯನ್ನು ಹಾಯಿಸಿದರೆ ತೈಲವು ಹಬೆಯೊಡನೆ ಮೇಲೆದ್ದು, ತಣಿದು, ನೀರಿನ ಮೇಲೆ ತೇಲಿ ನಿಲ್ಲುವುದು. ದೊರೆಯುವ ತೈಲ ಮರದ ತೂಕದ ಶೇಕಡ 1ರ ಆಸುಪಾಸು. ಎಂದರೆ 180 ಕಿಲೊಗ್ರಾಂ ಹಿಡಿಯುವ ಒಂದು ಪೀಪಾಯಿ ತುಂಬಬೇಕಾದರೆ 18ರಿಂದ 20 ಟನ್ ಮರ ಬೇಕು. ಬ್ರೆಜಿಲಿನ ರಫ್ತು 1951ರಲ್ಲಿ 444 ಟನ್ನುಗಳನ್ನು ಮುಟ್ಟಿತು. ಆ ಒಂದು ವರ್ಷದ ತೈಲಕ್ಕೆ ನಲವತ್ತು ಸಾವಿರ ಟನ್ನುಗಳಿಗೆ ಕಡಮೆಯಿಲ್ಲದಷ್ಟು ಮರ, ಹೆಕ್ಟೇರುಗಟ್ಟಲೆಗೆ ಒಂದರಂತೆ ನಿಂತಿದ್ದ ಮರ, ಚಕ್ಕೆಯಾಗಿ ಹೋಯಿತೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು.

ಮೈಸೂರಿನ ಶ್ರೀಗಂಧವನ್ನು ಬಲ್ಲವರಿಗೆ ಈ ವೃತ್ತಾಂತ ಅಪರಿಚಿತವೆನಿಸದು. ಅಲ್ಲಿಯೂ ತೈಲವಿರುವುದು ಮರದೊಳಗೆ. ಅಲ್ಲಿಯೂ ಅದನ್ನು ಪಡೆಯಲು ಮರ ಸಾಯಬೇಕು, ಬೇರನ್ನೂ ಬಿಡದೆ ಅಗೆಯಬೇಕು. ಆದರೆ ಮೈಸೂರಿನಲ್ಲಿ ಗಂಧದ ಮರ ಬಹುಕಾಲದಿಂದ ಪ್ರಭುತ್ವದ ಸ್ವತ್ತಾಗಿದ್ದು, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ ಸರ್ಕಾರದ್ದಾಗಿಯೇ ಪ್ರಾರಂಭವಾಯಿತು. ಕಳ್ಳಸಾಗಣೆಯಿಂದ ಆ ವ್ಯವಸ್ಥೆ ಎಷ್ಟೇ ಶಿಥಿಲವಾಗಿದ್ದರೂ ಮರಕ್ಕೆ ಒಬ್ಬ ಒಡೆಯನಿದ್ದ, ಲೆಕ್ಕ ಕೇಳುವವನಿದ್ದ. ಪೌ-ರೋಜಾ ನಿಂತ ಕಾಡಿನಲ್ಲಿ ಮೊದಲು ತಲುಪಿದವನೇ ಒಡೆಯ. ಎರಡರ ನಡುವೆ ಇನ್ನೊಂದು ಅಂತರವುಂಟು, ಅದು ಪೌ-ರೋಜಾದ ಭಾಗ್ಯವೆನ್ನಬೇಕು: ಶ್ರೀಗಂಧದ ಸಾರ ಕೇಚಿನಲ್ಲಿ ಮತ್ತು ಬೇರಿನಲ್ಲಿ ಮಾತ್ರ ನೆಲೆಸಿದ್ದರೆ, ಪೌ-ರೋಜಾದ ಎಲೆ, ರೆಂಬೆಗಳಲ್ಲಿಯೂ ಅದೇ ತೈಲವಿದೆ. ಈ ಸಂಗತಿಯನ್ನು ವಾಣಿಜ್ಯವು ದಶಕಗಟ್ಟಲೆ ಅಲಕ್ಷಿಸಿತು.

ಕಡಿತದ ಭರ ತಗ್ಗಿದ್ದು ಕಾನೂನಿನಿಂದಲ್ಲ, ರಸಾಯನಶಾಲೆಯಿಂದ. 1950ರ ದಶಕದ ಕೊನೆಯ ಹೊತ್ತಿಗೆ ಲಿನಲೂಲನ್ನು ಕೃತಕವಾಗಿ, ಅಗ್ಗವಾಗಿ, ಬೇಕಾದಷ್ಟು ಪ್ರಮಾಣದಲ್ಲಿ ತಯಾರಿಸುವ ವಿಧಾನಗಳು ಬಳಕೆಗೆ ಬಂದುವು. ಜೀವಸತ್ವಗಳ ತಯಾರಿಕೆಯಲ್ಲಿಯೂ ಅದೇ ವಸ್ತು ಬೇಕಾದುದರಿಂದ ಅದರ ಉತ್ಪಾದನೆ ಬೃಹತ್ತಾಗಿ ಬೆಳೆಯಿತು. ಸಾಬೂನು ಮತ್ತು ಬಟ್ಟೆ ಒಗೆಯುವ ಪುಡಿಗಳ ತಯಾರಕರು ಒಬ್ಬೊಬ್ಬರಾಗಿ ಮರದ ತೈಲವನ್ನು ಬಿಟ್ಟರು. ಚೀನ ಮತ್ತು ತೈವಾನುಗಳಿಂದ ಬರುವ ಕರ್ಪೂರಮರದ ಒಂದು ಬಗೆಯ ತೈಲವೂ, ಅದೂ ಲಾರೇಸೀ ಕುಟುಂಬದ್ದೇ, ಲಿನಲೂಲಿನಿಂದ ಸಮೃದ್ಧವಾಗಿ ಪೈಪೋಟಿಗೆ ನಿಂತಿತು. ಈ ಸಂದರ್ಭದಲ್ಲಿ ನಮ್ಮ ನೆಲದ ಒಂದು ಸಂಗತಿಯನ್ನು ಸ್ಮರಿಸಬಹುದು. ಲಿನಲೂಲ್ ಎಂಬ ಹೆಸರಿಗೆ ಮೂಲವಾದ ಮೆಕ್ಸಿಕೊ ದೇಶದ ಲಿನಲೋ ಎಂಬ ಮರ, ನಮ್ಮ ಗುಗ್ಗುಲದ ಕುಟುಂಬಕ್ಕೆ ಸೇರಿದ್ದು, ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರಿನ ಸುತ್ತ ನೆಲೆಯೂರಿತು. ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾರಾಣಿ ದಂಪತಿಗಳು ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಅದನ್ನು ಬೆಳೆಸಿ, ತೈಲ ಇಳಿಸುತ್ತಿದ್ದರು. ಮೆಕ್ಸಿಕೊದಲ್ಲಿ ಆ ಮರವನ್ನೇ ಕಡಿದು ಬಟ್ಟಿಗೆ ಹಾಕುತ್ತಿದ್ದರೆ ಇಲ್ಲಿ ತೈಲ ತೆಗೆದದ್ದು ಕಾಯಿಯ ಸಿಪ್ಪೆಯಿಂದ. ಮರ ನಿಂತೇ ಇರುತ್ತಿತ್ತು.

ಅಗ್ಗದ ವಸ್ತುಗಳ ತಯಾರಕರು ಬಿಟ್ಟರೂ ಬೆಲೆಬಾಳುವ ಪರಿಮಳಗಳ ತಯಾರಕರು ಪೌ-ರೋಜಾವನ್ನು ಬಿಡಲಿಲ್ಲ. ಅರ್ನೆಸ್ಟ್ ಬೋ 1921ರಲ್ಲಿ ಶನೆಲ್ ಸಂಸ್ಥೆಗಾಗಿ ರಚಿಸಿದ ನಂಬರ್ 5 ಎಂಬ ಜಗತ್ಪ್ರಸಿದ್ಧ ಪರಿಮಳದಲ್ಲಿ ಈ ತೈಲವೂ ಒಂದು ಘಟಕವೆಂಬುದು ಬಹುಕಾಲದ ಪ್ರತೀತಿ. 1990ರ ದಶಕದ ಉತ್ತರಾರ್ಧದಲ್ಲಿ ಫ್ರಾನ್ಸಿನ ಪರಿಸರವಾದಿಗಳು ಪರಿಮಳಗಳಲ್ಲಿ ಈ ತೈಲದ ಬಳಕೆಯ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎತ್ತಿದರು. ಅಷ್ಟರಲ್ಲಿ ಬ್ರೆಜಿಲ್ ಸರ್ಕಾರವು 1992ರಲ್ಲಿ ಈ ಮರವನ್ನು ಅಪಾಯಕ್ಕೊಳಗಾದ ಸಸ್ಯಗಳ ಪಟ್ಟಿಗೆ ಸೇರಿಸಿತ್ತು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿಯೂ ಅದು ಅದೇ ವರ್ಗದಲ್ಲಿ ಸೇರಿತು. ಕಡಿದುದಕ್ಕೆ ಪ್ರತಿಯಾಗಿ ಸಸಿಗಳನ್ನು ನೆಡಬೇಕೆಂಬ ನಿಬಂಧನೆ ಬ್ರೆಜಿಲಿನಲ್ಲುಂಟು. ಆದರೆ ಬೀಜವೇ ದುರ್ಲಭವಾಗಿ, ಬಂದ ಬೀಜವನ್ನು ಒಡನೆಯೇ ಬಿತ್ತಬೇಕಾಗಿ, ಬೆಳೆದ ಸಸಿಯೂ ನಿಧಾನಗತಿಯದ್ದಾಗಿರುವಾಗ, ಕಾಗದದ ಮೇಲಿನ ನಿಬಂಧನೆ ನೆಲದ ಮೇಲೆ ಮರವಾಗುವುದಕ್ಕೆ ಎಷ್ಟು ಶ್ರದ್ಧೆ ಬೇಕೆಂಬುದನ್ನು ವಿವರಿಸಬೇಕಾಗಿಲ್ಲ.

ಪೌ-ರೋಜಾದ ಉಳಿವಿಗೆ ನಿಜವಾದ ದಾರಿಯನ್ನು ತೆರೆದವರು ಎಲೆಯ ಕಡೆಗೆ ಕಣ್ಣು ಹೊರಳಿಸಿದವರು. ಕಂಪಿನಾಸ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಲಾರೊ ಬರಾಟಾ, ಮರವನ್ನು ಕಡಿಯದೆ ಅದರ ಎಲೆ ಮತ್ತು ಎಳೆಯ ರೆಂಬೆಗಳಿಂದಲೇ ಲಿನಲೂಲಿನಿಂದ ತುಂಬಿದ ತೈಲವನ್ನು ಪಡೆಯಬಹುದೆಂದು ಬಹುಕಾಲದಿಂದ ಪ್ರತಿಪಾದಿಸುತ್ತ ಬಂದವರಲ್ಲಿ ಪ್ರಮುಖರು. ಮನೌಸಿನ ರಾಷ್ಟ್ರೀಯ ಅಮೆಜಾನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೆಟ್ಟು ಬೆಳೆಸಿದ ಮರಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಸವರಿದ ರೆಂಬೆಯಿಂದಲೂ ಕಡಿದ ಬುಡದಿಂದಲೂ ಮರ ಮತ್ತೆ ಚಿಗುರುತ್ತದೆಂಬುದನ್ನು ತೋರಿಸಿದ್ದಾರೆ. ಚಹಾತೋಟದ ಗಿಡಗಳಂತೆ ಸೊಂಟದೆತ್ತರಕ್ಕೆ ಸವರಿ ಬೆಳೆಸಿದ ಪೌ-ರೋಜಾದಿಂದ ಮತ್ತೆ ಮತ್ತೆ ಸೊಪ್ಪನ್ನು ಕೊಯ್ಯುವ ಕ್ರಮ ಹೀಗೆ ಸಾಧ್ಯವಾಯಿತು. ಅಮೆಜೋನಾಸ್ ಪ್ರಾಂತದ ಮೌಎಸ್ ಸುತ್ತಮುತ್ತ, ಹಿಂದೆ ಕಾಡುಮರದ ಬಟ್ಟಿಗಳಿಗೆ ಹೆಸರಾಗಿದ್ದಲ್ಲಿಯೇ, ಈಗ ನೆಡುತೋಪುಗಳಿವೆ. ಸಿಲ್ವೆಸ್ ಎಂಬ ಸಣ್ಣ ಊರಿನಲ್ಲಿ ಸ್ತ್ರೀಯರ ಸಂಘವೊಂದು ಈ ತೈಲವನ್ನೂ ಅದರ ಪರಿಮಳದ ಸಾಬೂನನ್ನೂ ತಯಾರಿಸಿ ಮಾರುವ ಉದ್ಯೋಗವನ್ನು ಕೈಗೊಂಡಿತು. ಎಲೆಯ ತೈಲದಲ್ಲಿ ಲಿನಲೂಲಿನ ಅಂಶ ಮರದ ತೈಲಕ್ಕಿಂತ ಕೊಂಚ ಕಡಮೆ, ಆದುದರಿಂದ ವಾಸನೆಯೂ ತುಸು ಬೇರೆ ಎಂಬ ಆಕ್ಷೇಪಣೆ ಸುಗಂಧಕಾರರಲ್ಲುಂಟು. ಆಕ್ಷೇಪಣೆ ಸುಳ್ಳಲ್ಲ. ಆದರೆ ನೂರು ವರ್ಷ ಬೆಳೆದ ಮರಕ್ಕೂ ಮುಂದಿನ ಕೊಯ್ಲಿಗೆ ಮರಳಿ ಬರುವ ಸೊಪ್ಪಿಗೂ ನಡುವಣ ಆಯ್ಕೆಯಲ್ಲಿ, ಮೂಗಿನ ಆ ಸೂಕ್ಷ್ಮಭೇದವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಇಡುವುದು ಉಚಿತವೆಂದು ಈ ಲೇಖಕನಿಗೆ ತೋರದು.

ಬ್ರೆಜಿಲಿನ ಸೂಚನೆಯ ಮೇರೆಗೆ, 2010ರಲ್ಲಿ ಕತಾರಿನ ದೋಹಾ ನಗರದಲ್ಲಿ ನಡೆದ ಸಮ್ಮೇಳನದಲ್ಲಿ, ಅಳಿವಿನ ಭಯವಿರುವ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಡಂಬಡಿಕೆಯ ಎರಡನೆಯ ಅನುಬಂಧಕ್ಕೆ ಪೌ-ರೋಜಾವನ್ನು ಸೇರಿಸಲಾಯಿತು. ಅಂದಿನಿಂದ ಇದರ ದಿಮ್ಮಿ, ಹಲಗೆ, ತೈಲ ಇವು ದೇಶದ ಗಡಿಯನ್ನು ದಾಟಬೇಕಾದರೆ, ಆ ವ್ಯಾಪಾರದಿಂದ ಕಾಡಿನ ಮರಗಳಿಗೆ ಹಾನಿಯಿಲ್ಲವೆಂದು ರಫ್ತುಮಾಡುವ ದೇಶದ ಅಧಿಕಾರಿಗಳು ಖಚಿತಪಡಿಸಿಕೊಂಡು ಪರವಾನಗಿ ಕೊಡಬೇಕು. ಆದರೆ ತೈಲವನ್ನು ಬೆರೆಸಿ ಸಿದ್ಧಪಡಿಸಿದ ಪರಿಮಳದ್ರವ್ಯಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ತೈಲದ ಪೀಪಾಯಿಗೆ ಬೇಕಾದ ಪರವಾನಗಿ ಪರಿಮಳದ ಸೀಸೆಗೆ ಬೇಕಿಲ್ಲ. ಇನ್ನು ರೋಸ್‌ವುಡ್ ತೈಲವೆಂದು ಚೀಟಿ ಅಂಟಿಸಿದ ಸೀಸೆಯನ್ನು ಕೊಳ್ಳುವವರು, ಅದು ಮರದಿಂದ ಬಂದದ್ದೋ ಎಲೆಯಿಂದ ಬಂದದ್ದೋ, ಕಾಡಿನದೋ ನೆಟ್ಟು ಬೆಳೆಸಿದ ತೋಪಿನದೋ ಎಂದು ಮಾರುವವರನ್ನು ಕೇಳಬೇಕು. ಉತ್ತರ ಬಾರದಿದ್ದರೆ ಕೊಳ್ಳದಿರುವುದೇ ಯೋಗ್ಯ.